ಮಕ್ಕಳ ಪಂದ್ಯ: ಚೆಂಡಿನ ಕಡೆಯಲ್ಲ, ಬೆಂಚಿನ ಕಡೆ ಕ್ಯಾಮೆರಾ

ಗೋಲು ಬಿದ್ದ ಕೂಡಲೇ ಎಲ್ಲರ ಕ್ಯಾಮೆರಾ ಗೋಲು ಹೊಡೆದ ಮಗುವಿನತ್ತ ತಿರುಗುತ್ತದೆ. ಆ ಹೊತ್ತಿಗೆ ಗೋಲು ಬಿಟ್ಟುಕೊಟ್ಟ ಕೀಪರ್ ಕೈಗವಸಿನ ಪಟ್ಟಿ ಬಿಚ್ಚಿ ಮತ್ತೆ ಕಟ್ಟುತ್ತಿರುತ್ತಾಳೆ, ಬೆಂಚಿನ ಕೊನೆಯಲ್ಲಿ ಕೂತವನು ಬಾಟಲಿಯ ಮುಚ್ಚಳ ತಿರುಗಿಸುತ್ತಿರುತ್ತಾನೆ. ಅತ್ತ ನೋಡುವ ಅಭ್ಯಾಸ ಬಂದರೆ ಅರ್ಧ ಕೆಲಸ ಆದಂತೆ. ಉಳಿದದ್ದು ಜಾಗ, ತಾಳ್ಮೆ ಮತ್ತು ನಾಲ್ಕಾರು ಸೆಟ್ಟಿಂಗ್.

ಪಂದ್ಯಕ್ಕೆ ಅರ್ಧ ಗಂಟೆ ಮೊದಲೇ ಬನ್ನಿ. ಲೇಸ್ ಕಟ್ಟುವುದು, ಮೊಣಕಾಲಿಗೆ ಪ್ಯಾಡ್ ಏರಿಸುವುದು, ಒಬ್ಬರ ಕೂದಲನ್ನು ಇನ್ನೊಬ್ಬರು ಹೆಣೆಯುವುದು ಎಲ್ಲ ಆಗಲೇ ನಡೆಯುತ್ತದೆ. ತರಬೇತುದಾರರ ಮತ್ತು ಪೋಷಕರ ಒಪ್ಪಿಗೆಯನ್ನೂ ಆಗಲೇ ಕೇಳಿಬಿಡಿ.

ಬೆಂಚಿನ ಎದುರಿಗೆ ನಿಲ್ಲಬೇಡಿ. ಮಕ್ಕಳು ಆಟ ನೋಡುತ್ತಿರುತ್ತಾರೆ. ನೀವು ಅಡ್ಡ ಬಂದರೆ ನಿಮ್ಮನ್ನೇ ನೋಡುತ್ತಾರೆ. ಓರೆಯಾಗಿ, 6ರಿಂದ 10 ಮೀಟರ್ ದೂರದಲ್ಲಿ, ಮಂಡಿಯೂರಿ ಅಥವಾ ನೆಲದ ಮೇಲೆ ಕೂತು ತೆಗೆಯಿರಿ. ನಿಂತು ತೆಗೆದರೆ ನೆತ್ತಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಆದರೆ ತಗ್ಗಿದಾಗ ಹಿಂದಿನ ವಾಹನ, ಕಸದ ಡಬ್ಬಿ, ಕಂಬ ಎಲ್ಲ ಚೌಕಟ್ಟಿನೊಳಗೆ ಬರುತ್ತವೆ. ತಲೆಯ ಮೇಲೆ ಕಂಬ ಮೊಳೆತರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಸಾಕು.

ಓಟಕ್ಕೆ 1/1000 ಸೆಕೆಂಡ್ ಶಟರ್ ವೇಗ (ಬೆಳಕು ಒಳಬರುವ ಅವಧಿ) ಬೇಕು; ಕೂತ ಮಗುವಿಗೆ 1/250 ಸಾಲುತ್ತದೆ. ಇದರಿಂದ ಎರಡು ಸ್ಟಾಪ್ (ಪ್ರತಿ ಸ್ಟಾಪಿಗೆ ಎರಡು ಪಟ್ಟು) ಹೆಚ್ಚು ಬೆಳಕು ಸಿಗುತ್ತದೆ, ಅಂದರೆ ಬೆಳಕಿಗೆ ಸೆನ್ಸರಿನ ಸಂವೇದನೆ ಸೂಚಿಸುವ ಐಎಸ್‌ಒ 3200 ಇದ್ದದ್ದು 800ಕ್ಕೆ ಇಳಿಯುತ್ತದೆ. ಮತ್ತೆ ಆಟದತ್ತ ತಿರುಗಿದಾಗ ಶಟರ್ ಏರಿಸಲು ಮರೆಯುವುದು ಎಲ್ಲರೂ ಮಾಡುವ ತಪ್ಪು. ಕ್ಯಾಮೆರಾದಲ್ಲಿ ಕಸ್ಟಮ್ ಮೋಡ್ ಇದ್ದರೆ ಎರಡನ್ನೂ ಬೇರೆಬೇರೆಯಾಗಿ ಉಳಿಸಿಡಿ.

ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ರಂಧ್ರ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ದೊಡ್ಡದು) ವಿಷಯದಲ್ಲಿ ಹಿನ್ನೆಲೆ ಮಸುಕಾಗಿಸುವ ಆಸೆ ಅತಿಯಾಗುತ್ತದೆ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ, 200 ಮಿ.ಮೀ. ಲೆನ್ಸ್, ಎಫ್ 2.8, ದೂರ 4 ಮೀಟರ್ ಎಂದಿಟ್ಟುಕೊಳ್ಳಿ: ಸ್ಪಷ್ಟವಾಗಿ ಬರುವ ಆಳ ಕೇವಲ 6–7 ಸೆಂ.ಮೀ. ಕಿವಿಯಲ್ಲಿ ಗುಟ್ಟು ಹೇಳುತ್ತಿರುವ ಇಬ್ಬರಲ್ಲಿ ಒಬ್ಬರ ಮುಖ ಮಸುಕಾಗುವುದು ಖಚಿತ. ದೂರ ಎರಡು ಪಟ್ಟಾದರೆ ಆ ಆಳ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ 8 ಮೀಟರ್‌ಗೆ ಹಿಂದೆ ಸರಿದು ಎಫ್ 5.6 ಇಟ್ಟರೆ ಸುಮಾರು ಅರ್ಧ ಮೀಟರ್ ಸಿಗುತ್ತದೆ, ಇಬ್ಬರೂ ಉಳಿಯುತ್ತಾರೆ. ಒಂಟಿ ಮುಖಕ್ಕೆ ಎಫ್ 2.8 ಇರಲಿ.

ಹೆಲ್ಮೆಟ್ ಇದ್ದಾಗ ಕಣ್ಣು ಹುಡುಕುವ ಆಟೊಫೋಕಸ್ ಆಗಾಗ ಮುಂದಿನ ಜಾಲರಿಗೇ ಅಂಟಿಕೊಳ್ಳುತ್ತದೆ. ಒಂದೇ ಚಿಕ್ಕ ಫೋಕಸ್ ಬಿಂದುವನ್ನು ಜಾಲರಿಯ ಸಂದಿನಲ್ಲಿ ಕಣ್ಣಿನ ಮೇಲಿಡಿ. ತಂತಿಬೇಲಿಯ ಹಿಂದಿನಿಂದ ತೆಗೆಯುವಾಗ ಲೆನ್ಸನ್ನು ಬೇಲಿಗೆ ತಾಗುವಷ್ಟು ಹತ್ತಿರ ತಂದು, ಅಪರ್ಚರ್ ಪೂರ್ತಿ ತೆರೆದು, ಒಂದು ಕಿಂಡಿಯ ನಡುವಿನಿಂದ ನೋಡಿ. ಮಗು ಬೇಲಿಯಿಂದ ಕೆಲವು ಮೀಟರ್ ಆಚೆಗಿದ್ದರೆ ತಂತಿ ಕರಗಿಹೋಗುತ್ತದೆ. ತಂತಿಯ ಮೇಲೆ ಬಿಸಿಲು ಬೀಳುತ್ತಿದ್ದರೆ ಮಾತ್ರ ಚಿತ್ರದ ಮೇಲೆ ಬಿಳಿ ಮಬ್ಬು ಉಳಿಯುತ್ತದೆ. ನೆರಳಿರುವ ಕಡೆ ಹುಡುಕಿ.

ಟೋಪಿಯ ನೆರಳಿನಲ್ಲಿರುವ ಮುಖಕ್ಕೆ ಎಕ್ಸ್‌ಪೋಶರ್ (ಚಿತ್ರದ ಬೆಳಕಿನ ಪ್ರಮಾಣ) +0.7ರಿಂದ +1 ಸ್ಟಾಪ್ ಏರಿಸಿ, ಬಿಳಿ ಜೆರ್ಸಿ ಸುಟ್ಟುಹೋಗದಂತೆ ಹಿಸ್ಟೊಗ್ರಾಮ್ (ಚಿತ್ರದ ಬೆಳಕು-ಕತ್ತಲೆ ತೋರಿಸುವ ನಕ್ಷೆ) ನೋಡಿಕೊಳ್ಳಿ. ಫ್ಲ್ಯಾಶ್ ಬೇಡವೇ ಬೇಡ. ಒಳಾಂಗಣದಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ದೀಪದ ಮಿನುಗಿನಿಂದ ಅಡ್ಡ ಪಟ್ಟಿಗಳು ಮೂಡಬಹುದು. ವಿದ್ಯುತ್ 50 ಹರ್ಟ್ಜ್ ಇರುವಲ್ಲಿ 1/100, 60 ಇರುವಲ್ಲಿ 1/120 ಇಟ್ಟು ನೋಡಿ. ಆಗಲೂ ಹೋಗದಿದ್ದರೆ ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿ. ಫೋನಾದರೆ ಬೆರಳಿನಿಂದ ಜೂಮ್ ಎಳೆಯಬೇಡಿ. 2x ಅಥವಾ 3x ಲೆನ್ಸ್ ಇದ್ದರೆ ಅದನ್ನು ಆರಿಸಿ, ಮುಖದ ಮೇಲೆ ಒತ್ತಿಹಿಡಿದು ಫೋಕಸ್ ಲಾಕ್ ಮಾಡಿ.

ಇನ್ನು ಕಾಯುವ ಮಾತು. ಬದಲಿ ಆಟಗಾರನಿಗೆ ಜಾಗ ಬಿಟ್ಟು ಹೊರಬಂದ ಮಗು ಮೊದಲು ತರಬೇತುದಾರರನ್ನು, ಆಮೇಲೆ ಅಪ್ಪ ಅಮ್ಮನನ್ನು ನೋಡುತ್ತದೆ. ಅದು ಇತರರಿಗಾಗಿ ತೋರಿಸುವ ಮುಖ. ಕೂತು, ನೀರು ಕುಡಿದು, ಟವೆಲ್ ಹೆಗಲಿಗೆ ಹಾಕಿಕೊಂಡ ಮೇಲೆ ಬರುವ ಮುಖ ಬೇರೆ. ಅಲ್ಲಿಯವರೆಗೆ ಕ್ಯಾಮೆರಾ ಕಣ್ಣಿಗೆ ಹಿಡಿದೇ ಇರಿ. ಬಂದಾಗ ಮೂರು ಫ್ರೇಮ್ ಸಾಕು, ಮೂವತ್ತು ಬೇಡ. ಮಗು ನಿಮ್ಮನ್ನು ಗಮನಿಸಿದರೆ ಕ್ಯಾಮೆರಾ ಇಳಿಸಿ ಆಟ ನೋಡುತ್ತಾ ನಿಲ್ಲಿ. ಸ್ವಲ್ಪ ಹೊತ್ತಿನಲ್ಲೇ ನಿಮ್ಮನ್ನು ಮರೆತುಬಿಡುತ್ತದೆ. ಕೊನೆಯ ಶಿಳ್ಳೆ ಊದಿದ ಮೇಲೂ ಹತ್ತು ನಿಮಿಷ ಬ್ಯಾಗ್ ಮುಚ್ಚಬೇಡಿ.

ಗಾಯಕ್ಕೆ ಚಿಕಿತ್ಸೆ ನಡೆಯುವಾಗ, ಮಗು ಮುಖ ಮುಚ್ಚಿಕೊಂಡು ಅಳುವಾಗ, ಬಟ್ಟೆ ಬದಲಿಸುವ ಕೋಣೆಯ ಹತ್ತಿರ ಕ್ಯಾಮೆರಾ ಎತ್ತಲೇಬಾರದು. ಸೋತ ಬೇಸರವನ್ನು ತೋರಿಸಲು ಮಣ್ಣಾದ ಬೂಟು, ಸಾಲಾಗಿ ಬಗ್ಗಿದ ಬೆನ್ನುಗಳು, ಖಾಲಿ ಬೆಂಚಿನ ತುದಿಯಲ್ಲಿ ಉಳಿದ ಒಬ್ಬಳು ಸಾಕು. ಈ ಕೊನೆಯದಕ್ಕೆ ಅಗಲ ನೋಟದ 35 ಮಿ.ಮೀ. ಲೆನ್ಸ್ ಹಾಕಿ, ಬೆಂಚಿನ ಖಾಲಿ ಭಾಗವನ್ನು ಕತ್ತರಿಸದೆ ಬಿಡಿ. ಚಿತ್ರಗಳನ್ನು ಹಂಚುವ ಮುನ್ನ ಫೈಲಿನಲ್ಲಿರುವ ಸ್ಥಳದ ಮಾಹಿತಿ ಅಳಿಸಿ, ಜೆರ್ಸಿಯ ಮೇಲಿನ ಹೆಸರು ಓದುವಂತಿದೆಯೇ ಎಂದು ದೊಡ್ಡದು ಮಾಡಿ ನೋಡಿ.