ಸೈಡ್ ಬಾಲ್ ಹಾಕುವವನು

ಆರು ವರ್ಷ ನಾನು ನಮ್ಮ ಕ್ಲಬ್ಬಿನ ಬ್ಯಾಸ್ಕೆಟ್‌ಬಾಲ್ ತಂಡದ ಎಂಟನೇ ಆಟಗಾರ. ಮ್ಯಾಚಿಗೆ ಆರೇಳು ನಿಮಿಷ ಸಿಕ್ಕರೆ ಅದೇ ಹೆಚ್ಚು. ಆದರೆ ಮ್ಯಾಚ್ ಬಿಗಿಯಾಗಿದ್ದಾಗ ಕೊನೆಯಲ್ಲಿ ಕೋಚ್ ತಪ್ಪದೆ ಕರೆಯುತ್ತಿದ್ದರು, ಸೈಡ್ ಬಾಲ್ ಹಾಕೋದಕ್ಕೆ, ಅಂದರೆ ಗೆರೆಯಾಚೆ ನಿಂತು ಬಾಲನ್ನು ಅಂಗಳದೊಳಗೆ ಎಸೆಯೋದಕ್ಕೆ. ಎತ್ತರ ಇದ್ದೆ, ಗಾಬರಿಯಲ್ಲಿ ಎದುರಾಳಿ ಕೈಗೆ ಬಾಲ್ ಕೊಡುವವನಲ್ಲ. ನನ್ನ ಅರ್ಹತೆ ಇಷ್ಟೇ.

ಒಂದು ಸೆಮಿಫೈನಲ್. ಒಂದು ಪಾಯಿಂಟ್ ಹಿಂದಿದ್ದೆವು, ಆರು ಸೆಕೆಂಡ್ ಬಾಕಿ. ಕ್ಯಾಪ್ಟನ್‌ಗೆ ಬಾಲ್ ಹಾಕಿದೆ. ನನ್ನನ್ನು ಕಾಯುತ್ತಿದ್ದವನೂ ಹೋಗಿ ಅವನ ಮೇಲೇ ಬಿದ್ದ. ಬಾಲ್ ತಿರುಗಿ ನನ್ನ ಕೈಗೇ ಬಂತು, ಎದುರಿಗೆ ಒಂದು ನರಪಿಳ್ಳೆ ಇಲ್ಲ. ಶಾಟ್ ಹೊಡೆಯೋದು ಬಿಟ್ಟು ಡ್ರಿಬಲ್ ಮಾಡಿದೆ, ಬಾಲನ್ನು ನೆಲಕ್ಕೆ ಕುಟ್ಟಿದೆ. ಒಂದಲ್ಲ, ಎರಡು. ಬಜರ್ ಕೂಗಿದಾಗ ಬಾಲ್ ಇನ್ನೂ ನನ್ನ ಕೈಯಲ್ಲೇ ಇತ್ತು. ಯಾರೂ ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು.

ಆ ವಾರವೆಲ್ಲ ರಾಬರ್ಟ್ ಹೋರಿಯ ವಿಡಿಯೊ ಹಾಕಿಕೊಂಡು ಕೂತೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಏಳು ಚಾಂಪಿಯನ್‌ಶಿಪ್ ಗೆದ್ದರೂ ಒಮ್ಮೆಯೂ ಆಲ್‌ಸ್ಟಾರ್ ಆಗದ, ಅಂದರೆ ತಾರೆಯರ ತಂಡಕ್ಕೆ ಆಯ್ಕೆಯಾಗದ ಪುಣ್ಯಾತ್ಮ. 2005ರ ಫೈನಲ್ಸ್‌ನ ಐದನೇ ಪಂದ್ಯ, ಡೆಟ್ರಾಯಿಟ್ ಅಂಗಳ, ಸರಣಿ 2-2, ಓವರ್‌ಟೈಮ್. ಹೋರಿಯ ತಂಡ ಸ್ಯಾನ್ ಆಂಟೋನಿಯೊ ಎರಡು ಪಾಯಿಂಟ್ ಹಿಂದೆ. ಸೈಡ್ ಬಾಲ್ ಹಾಕಿದ್ದು ಹೋರಿಯೇ. ಬಾಲ್ ಜೊತೆಗಾರ ಜಿನೋಬಿಲಿಗೆ ಹೋದದ್ದೇ ತಡ, ಹೋರಿಯನ್ನು ಕಾಯಬೇಕಿದ್ದ ಡೆಟ್ರಾಯಿಟ್‌ನ ರಶೀದ್ ವಾಲೇಸ್ ಅತ್ತ ಓಡಿದ. ಜಿನೋಬಿಲಿ ವಾಪಸ್ ಕೊಟ್ಟ. ಹೋರಿ ತ್ರೀ (ದೂರದಿಂದ ಹಾಕುವ ಮೂರು ಪಾಯಿಂಟಿನ ಶಾಟ್) ಹೊಡೆದಾಗ ಉಳಿದಿದ್ದದ್ದು 5.8 ಸೆಕೆಂಡ್. 96-95. ಜನ ಅವನ ಧೈರ್ಯ ಹೊಗಳುತ್ತಾರೆ. ನನಗೆ ಕಂಡದ್ದು ಬೇರೆ: ಬಾಲ್ ಹೊರಗಿಂದ ಹಾಕುವವನನ್ನು ಎಲ್ಲರೂ ಮರೆಯುತ್ತಾರೆ, ಆ ಮರೆವು ಎರಡು ಸೆಕೆಂಡ್ ಇರುತ್ತೆ. ಹೋರಿ ಅದರಲ್ಲಿ ಒಂದು ಡ್ರಿಬಲ್ಲನ್ನೂ ದಂಡ ಮಾಡಲಿಲ್ಲ.

ಅಲ್ಲಿಂದ ಪ್ರಾಕ್ಟೀಸ್ ಮುಗಿದ ಮೇಲೆ ಒಬ್ಬ ಜೂನಿಯರ್ ಹುಡುಗನನ್ನು ಹಿಡಿದು ನಿಲ್ಲಿಸಿಕೊಳ್ಳುತ್ತಿದ್ದೆ. ಗೆರೆಯಾಚೆಯಿಂದ ಪಾಸ್, ಎಡಗಾಲು ಒಳಗೆ, ಬಲಗಾಲು ಜೊತೆಗೆ, ಬಾಲ್ ಬಂದ ಕೂಡಲೆ ಶಾಟ್. ಇದು ಎಲ್ಲರೂ ಮಾಡುವಂಥದ್ದೇ. ನಾನು ಸೇರಿಸಿಕೊಂಡದ್ದು ಒಂದು: ಶಾಟಿಗೆ ಮೊದಲು ಹದಿನೈದು ನಿಮಿಷ ಬೆಂಚಿನ ಮೇಲೆ ಸುಮ್ಮನೆ ಕೂರೋದು. ಬೆವರು ಆರಿ, ಮಂಡಿ ಮರಗಟ್ಟಿ, ಬೆರಳು ತಣ್ಣಗಾದ ಮೇಲೆ ಎದ್ದು ಹೋಗಿ ಐದೇ ಶಾಟ್. ಮತ್ತೆ ಕೂರೋದು. ಬೆಂಚಿನಿಂದ ಬರುವವನಿಗೆ ಮ್ಯಾಚಲ್ಲಿ ಸಿಗುವ ದೇಹ ಅದೇ ತಾನೆ? ಮೊದಲ ತಿಂಗಳು ಐದರಲ್ಲಿ ಒಂದು ಬಿದ್ದರೆ ಹಬ್ಬ. ಬಾಲ್ ಯಾವಾಗಲೂ ರಿಂಗಿನ ಮುಂಭಾಗಕ್ಕೇ ತಾಗಿ ಬೀಳುತ್ತಿತ್ತು, ಕಾಲಲ್ಲಿ ಬಲವೇ ಇರುತ್ತಿರಲಿಲ್ಲ. ಮಂಡಿ ಇನ್ನಷ್ಟು ಬಗ್ಗಿಸಿದ ಮೇಲೆ ಸರಿಹೋಯಿತು.

ಎರಡು ವರ್ಷದ ನಂತರ ಫೈನಲ್. ಎರಡು ಪಾಯಿಂಟ್ ಹಿಂದೆ, ಏಳು ಸೆಕೆಂಡ್. ಟೈಮ್‌ಔಟ್‌ನಲ್ಲಿ ಕೋಚ್ ಬೋರ್ಡಿನ ಮೇಲೆ ಗೀಚಿದ್ದೆಲ್ಲ ಕ್ಯಾಪ್ಟನ್‌ಗೆ. ಹೊರಡುವಾಗ ಅವನ ಕಿವಿಯಲ್ಲಿ ಹೇಳಿದೆ, "ಇಬ್ಬರು ಬಂದರೆ ನಾನು ಅಲ್ಲೇ ಇರ್ತೀನಿ ಕಣೋ." ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಇಬ್ಬರು ಬಂದರು. ಅವನು ಕೊಟ್ಟ ಪಾಸ್ ಮಂಡಿ ಮಟ್ಟಕ್ಕೆ ಬಂತು, ಹಾಳಾದ್ದು. ಹಾಗೇ ಬಾಚಿ ಎತ್ತಿದೆ. ರಿಂಗಿನ ಹಿಂಭಾಗಕ್ಕೆ ಬಡಿದು ಮೇಲೆದ್ದು ಒಳಗೆ ಬಿತ್ತು.

ಮುಂದಿನ ವರ್ಷ ಅದೇ ತಂಡದ ಎದುರು ಮತ್ತೆ ಸೈಡ್ ಬಾಲ್ ಹಾಕಿದೆ. ಈ ಸಲ ನನ್ನನ್ನು ಕಾಯುತ್ತಿದ್ದವನು ನನ್ನ ಬಿಟ್ಟು ಕದಲಲೇ ಇಲ್ಲ. ಕ್ಯಾಪ್ಟನ್ ಮುಂದೆ ಒಬ್ಬನೇ ಇದ್ದ, ಅವನನ್ನು ದಾಟಿ ರಿಂಗಿನ ಹತ್ತಿರಕ್ಕೇ ಹೋಗಿ ಆರಾಮಾಗಿ ಲೇಅಪ್ ಹಾಕಿ ಬಂದ.