ಶುಕ್ರವಾರ ಬರುತ್ತೇನೆಂದು ಹೇಳಿ ಬಂದ ಮೇಲೆ

ಧಾರವಾಡದ ನಮ್ಮ ಸಭೆಯ ಸಂಡೆ ಸ್ಕೂಲಿನಲ್ಲಿ ಪಾಠ ಹೇಳಲು ಆರಂಭಿಸಿದ ಹೊಸದರಲ್ಲಿ, ಸತ್ಯವೇದದ (ಬೈಬಲಿನ) ಯೆಹೋಶುವನ ಗ್ರಂಥದ 9ನೆಯ ಅಧ್ಯಾಯ ನನ್ನ ಮೆಚ್ಚಿನ ಪಾಠವಾಗಿತ್ತು. ಕಾನಾನ್ ದೇಶವನ್ನು ಗೆಲ್ಲುತ್ತ ಬರುತ್ತಿದ್ದ ಇಸ್ರಾಯೇಲ್ಯರಿಗೆ ಹೆದರಿ, ಅಲ್ಲಿಯ ಗಿಬ್ಯೋನ್ ಊರಿನವರು ಬೂಷ್ಟು ಹಿಡಿದ ರೊಟ್ಟಿಯನ್ನೂ ಹರಿದು ಹೊಲಿದ ಬುದ್ದಲಿಗಳನ್ನೂ (ದ್ರಾಕ್ಷಾರಸದ ತೊಗಲಿನ ಚೀಲಗಳು) ತೋರಿಸಿ, ತಾವು ದೂರದೇಶದವರೆಂದು ನಂಬಿಸಿ, ತಮ್ಮನ್ನು ಕೊಲ್ಲಬಾರದೆಂಬ ಒಡಂಬಡಿಕೆ ಮಾಡಿಸಿಕೊಂಡರು. 3 ದಿನಗಳಲ್ಲಿ ಮೋಸ ಬಯಲಾದರೂ, ಪ್ರಮಾಣ ಮಾಡಿದ್ದ ಇಸ್ರಾಯೇಲ್ಯರ ಪ್ರಧಾನರು ಅವರನ್ನು ಕೊಲ್ಲಲು ಒಪ್ಪಲಿಲ್ಲ. ಮುಂದೆ ಇಸ್ರಾಯೇಲಿನ ಅರಸನಾದ ಸೌಲನು ಆ ಮಾತನ್ನು ಮುರಿದು ಗಿಬ್ಯೋನ್ಯರನ್ನು ಕೊಂದದ್ದರಿಂದ, ಅವನ ನಂತರ ಆಳಿದ ದಾವೀದನ ಕಾಲದಲ್ಲಿ 3 ವರ್ಷ ಬರ ಬಂದ ಕಥೆಯನ್ನೂ ಸೇರಿಸಿ ನಾನು ಬಹಳ ಉತ್ಸಾಹದಿಂದ ಹೇಳುತ್ತಿದ್ದೆ.

ಅದೇ ದಿನಗಳಲ್ಲಿ, ಕಣ್ಣು ಮಂಜಾಗಿದ್ದ ಸಭೆಯ ಅಜ್ಜಿಯೊಬ್ಬರಿಗೆ, ಪ್ರತಿ ಶುಕ್ರವಾರ ಸಂಜೆ ಬಂದು ಸತ್ಯವೇದ ಓದಿ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ಎರಡು ವಾರ ಹೋದೆ, ಮೂರನೆಯ ವಾರ ಮಳೆ, ಆಮೇಲೆ ಕಚೇರಿಯ ಕೆಲಸ, ಆಮೇಲೆ ಸಂಕೋಚ. ಎರಡು ತಿಂಗಳ ನಂತರ ದೇವಾಲಯದ ಬಾಗಿಲಲ್ಲಿ ಸಿಕ್ಕಾಗ ಅವರು ಸಿಟ್ಟಾಗಲಿಲ್ಲ. “ಬರಾಕ ಆಗೂದಿಲ್ಲ ಅಂದಿದ್ದರ ನಾ ಬ್ಯಾರೇದವರನ್ನ ಕೇಳತಿದ್ದೆ, ತಮ್ಮಾ” ಎಂದರು, ಅಷ್ಟೆ. ಪಕ್ಕದ ಮನೆಯ ಹುಡುಗಿ ತಾನು ಓದುತ್ತೇನೆಂದು ಬಂದಾಗ, ನಾನು ಬರುವವನಿದ್ದೇನೆಂದು ಹೇಳಿ ಅವಳನ್ನು ಕಳಿಸಿಬಿಟ್ಟಿದ್ದರಂತೆ.

ಹರಕೆ ಹೊತ್ತು ತೀರಿಸದೆ ಇರುವುದಕ್ಕಿಂತ ಹರಕೆ ಹೊರದಿರುವುದೇ ಮೇಲೆಂದು ಸತ್ಯವೇದದ ಪ್ರಸಂಗಿ ಗ್ರಂಥದ 5ನೆಯ ಅಧ್ಯಾಯ ಏಕೆ ಹೇಳುತ್ತದೆಂಬುದು ನನಗೆ ತಿಳಿದದ್ದು ಆಗ. ಅಲ್ಲಿ ಹೇಳಿರುವುದು ದೇವರಿಗೆ ಹೊತ್ತ ಹರಕೆಯ ವಿಷಯವಾದರೂ, ನನ್ನ ಪೊಳ್ಳು ಮಾತು ಅಜ್ಜಿಗೆ ಬರಬಹುದಾಗಿದ್ದ ನಿಜವಾದ ಸಹಾಯವನ್ನು ತಡೆದಿತ್ತು.

ಅಂದಿನಿಂದ ಕೆಲವು ರೂಢಿಗಳನ್ನು ಮಾಡಿಕೊಂಡಿದ್ದೇನೆ. “ಪ್ರಾರ್ಥನೆಯಲ್ಲಿ ನೆನೆಯುತ್ತೇನೆ” ಎಂಬುದು ನಮ್ಮ ನಡುವೆ ಅತಿ ಸುಲಭವಾಗಿ ಕೊಟ್ಟು ಅತಿ ಬೇಗ ಮರೆಯುವ ಮಾತು. ಆದ್ದರಿಂದ ಯಾರಾದರೂ ಕೇಳಿಕೊಂಡರೆ ಅಲ್ಲಿಯೇ ನಿಂತು ಎರಡು ವಾಕ್ಯ ಪ್ರಾರ್ಥಿಸಿಬಿಡುತ್ತೇನೆ. ದಿನ, ಸಮಯ ಬೇಡುವ ಮಾತಾದರೆ, ಮನೆಯಲ್ಲಿ ಕೇಳಿ ನಾಳೆ ಹೇಳುತ್ತೇನೆಂದು ತಿಳಿಸುತ್ತೇನೆ. ಗಿಬ್ಯೋನಿನ ಕಥೆಯಲ್ಲಿಯೂ ಇಸ್ರಾಯೇಲ್ಯರು ಯೆಹೋವನನ್ನು ವಿಚಾರಿಸದೆಯೇ ಒಪ್ಪಿಕೊಂಡರೆಂಬ ಮಾತು 14ನೆಯ ವಚನದಲ್ಲಿದೆ. ಅಷ್ಟು ಸಲ ಕಲಿಸಿದರೂ ನಾನು ಅದರ ಬಳಿ ನಿಂತಿರಲಿಲ್ಲ. ಹಾಗೆಯೇ “ಕರ್ತನ ಚಿತ್ತವಾದರೆ” ಎಂಬ ಮಾತನ್ನು ತಪ್ಪಿಸಿಕೊಳ್ಳುವ ದಾರಿಯಾಗಿ ಬಳಸುವುದನ್ನು ಬಿಟ್ಟಿದ್ದೇನೆ. ಯಾಕೋಬನು ತನ್ನ ಪತ್ರದಲ್ಲಿ ಅದನ್ನು ಹೇಳಿದ್ದು ನಾಳೆಯ ಬಗ್ಗೆ ಜಂಬ ಕೊಚ್ಚುವವರಿಗೆ, ಇಲ್ಲವೆನ್ನಲು ನಾಚುವವರಿಗಲ್ಲ. ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ ಎಂದು ಯೇಸು ಬೆಟ್ಟದ ಮೇಲಿನ ಪ್ರಸಂಗದಲ್ಲಿ ಹೇಳಿದ್ದರಲ್ಲಿ ‘ಅಲ್ಲ’ ಎನ್ನುವುದಕ್ಕೂ ಸಮನಾದ ಜಾಗವಿದೆ.

ಕೊಟ್ಟ ಮಾತನ್ನು ನಡೆಸಲಾಗದೆ ಹೋದರೆ ಏನು ಮಾಡಬೇಕೆಂಬುದು ಇನ್ನೂ ಕಠಿಣವಾದ ಪ್ರಶ್ನೆ. ದುಡುಕಿ ಹರಕೆ ಹೊತ್ತು ಮಗಳನ್ನೇ ಕಳೆದುಕೊಂಡ ಸತ್ಯವೇದದ ಯೆಫ್ತಾಹನನ್ನು ಮಾದರಿಯೆಂದು ಕಲಿಸಲು ನನಗೆ ಮನಸ್ಸಿಲ್ಲ. ನನಗೆ ದಾರಿ ತೋರಿಸಿದ್ದು ಜ್ಞಾನೋಕ್ತಿ ಗ್ರಂಥದ 6ನೆಯ ಅಧ್ಯಾಯ: ನೆರೆಯವನಿಗೆ ಹೊಣೆಯಾಗಿ ಬಾಯಿಮಾತಿನಿಂದ ಸಿಕ್ಕಿಬಿದ್ದವನು ಕಣ್ಣಿಗೆ ನಿದ್ರೆ ಕೊಡದೆ ಅವನ ಬಳಿಗೆ ಹೋಗಿ, ತಗ್ಗಿಸಿಕೊಂಡು ಬೇಡಿಕೊಳ್ಳಬೇಕು. ತಡಮಾಡಿದಷ್ಟೂ ಹೋಗುವುದು ಕಷ್ಟವೆಂಬುದಕ್ಕೆ ನನ್ನ ಆ ಎರಡು ತಿಂಗಳೇ ಸಾಕ್ಷಿ.

ಮರುದಿನ ಅಜ್ಜಿಯ ಮನೆಗೆ ಹೋಗಿ ಕ್ಷಮೆ ಕೇಳಿ, ಪ್ರತಿ ವಾರ ನನ್ನಿಂದ ಆಗದು, ತಿಂಗಳ ಮೊದಲ ಶುಕ್ರವಾರ ಮಾತ್ರ ಬರುತ್ತೇನೆಂದು ಹೇಳಿದೆ. ಆ ಶುಕ್ರವಾರಗಳು ಇದುವರೆಗೆ ತಪ್ಪಿಲ್ಲ. ಉಳಿದ ವಾರಗಳಲ್ಲಿ ಪಕ್ಕದ ಮನೆಯ ಹುಡುಗಿ ಓದುತ್ತಾಳೆ; ಅವಳ ಉಚ್ಚಾರಣೆ ನನ್ನದಕ್ಕಿಂತ ಸ್ಪಷ್ಟವೆಂದು ಅಜ್ಜಿಯವರ ಅಭಿಪ್ರಾಯ.