ಗೋಡೆಯ ಹಿಂದೆ ನೀರು, ಮುಚ್ಚಿಗೆಯ ಮೇಲೆ ಮಣ್ಣು

ಕೇರಳಕ್ಕೆ ಸೇರಿದ ಕಾಸರಗೋಡು ಜಿಲ್ಲೆಯ ಪೆರ್ಲದ ಆಚೆ, ಎಣ್ಮಕಜೆಯ ಗುಡ್ಡದ ಓರೆಯಲ್ಲಿರುವ ನಮ್ಮ ಹಿರಿಯರ ಮನೆಯನ್ನು ಕೆಡವಿ ತಾರಸಿ ಮನೆ ಕಟ್ಟಿಸುವುದೇ ಲಾಭ ಎಂದವರು ಬಹಳ ಮಂದಿ. ನಾನು ಕೆಡವಲಿಲ್ಲ, ಬಿಚ್ಚಿ ಸರಿಪಡಿಸಿದೆ. ಕೆಲಸ ಶುರುವಾಗುವ ಮೊದಲೇ ಮೇಸ್ತ್ರಿಯವರ ಮುಂದೆಯೂ ಆಚಾರಿಯವರ ಮುಂದೆಯೂ ಒಂದು ಕರಾರು ಇಟ್ಟಿದ್ದೆ: ಈ ಮನೆಯೊಳಗಿಂದ ಹೊರಬೀಳುವ ಯಾವುದೂ ನಾನು ನೋಡದೆ ಬಚ್ಚಲ ಒಲೆಗೆ ಹೋಗಬಾರದು, ಗುಜರಿಯವರ ಗಾಡಿಗೂ ಹೋಗಬಾರದು. ಎಲ್ಲಿ ಇತ್ತೋ ಅಲ್ಲಿಯೇ ಮೊಬೈಲಿನಲ್ಲಿ ಚಿತ್ರ ತೆಗೆದು ಆಮೇಲೆ ಕೈ ಹಚ್ಚಬೇಕು. ಹಳೆಯ ಮನೆಯಲ್ಲಿ ಸಿಕ್ಕಿದ ವಸ್ತುವಿಗೆ ಅದು ಇದ್ದ ಜಾಗವೇ ಅರ್ಧ ವಿವರಣೆ. ಜಾಗ ಕೆಟ್ಟರೆ ಆ ಅರ್ಧ ಕಳೆದೇ ಹೋಗುತ್ತದೆ.

ಹೆಂಚು ಇಳಿಸಿದ ಕೂಡಲೇ ಕಂಡದ್ದು ಮಣ್ಣು. ನಡುಕೋಣೆಯ ಮುಚ್ಚಿಗೆಯ, ಅಂದರೆ ಮಾಡಿನ ಕೆಳಗಿನ ಮರದ ಒಳಛಾವಣಿಯ, ಹಲಸಿನ ಹಲಗೆಗಳ ಮೇಲೆ ನಾಲ್ಕು ಬೆರಳು ದಪ್ಪಕ್ಕೆ, ಒಂದೇ ಸಮನಾಗಿ ಬಡಿದು ಕೂರಿಸಿದ ಕೆಂಪು ಮಣ್ಣು. ಕೆಲಸದವರು ಅದನ್ನು ಇಲಿ, ಗೆದ್ದಲುಗಳ ಕೆಲಸವೆಂದು ಎಣಿಸಿ ಗುದ್ದಲಿ ಎತ್ತಿದ್ದರು. ಇಲಿ ಮಟ್ಟಸವಾಗಿ ಬಡಿಯುವುದಿಲ್ಲವಲ್ಲ! ಪಕ್ಕದ ತ್ರಿಕೋನ ಗೋಡೆಯನ್ನು ನೋಡಿದಾಗ ಉತ್ತರ ಸಿಕ್ಕಿತು. ಈಗಿನ ಮಾಡಿಗಿಂತ ಕಡಿದಾಗಿ ಇಳಿಯುವ ಇನ್ನೊಂದು ಮಾಡಿನ ಗೆರೆ, ಹೊಗೆ ಹಿಡಿದು ಕಪ್ಪಾಗಿ, ಆ ಗೋಡೆಯ ಮೇಲೆ ಉಳಿದಿತ್ತು. ಹೆಂಚು ಬರುವ ಮೊದಲು ಇದು ಮುಳಿಹುಲ್ಲಿನ ಮನೆ. ಹುಲ್ಲಿನ ಮಾಡಿನಿಂದ ನೀರು ಬೇಗ ಜಾರಬೇಕಾದರೆ ಇಳಿಜಾರು ಕಡಿದಾಗಿರಬೇಕು. ಆ ಹುಲ್ಲಿಗೆ ಬೆಂಕಿ ತಗಲಿದರೆ ಉರಿ ಕೋಣೆಯೊಳಗಿನ ಭತ್ತ, ಬಟ್ಟೆ, ಕಾಗದಪತ್ರಗಳಿಗೆ ಇಳಿಯದಂತೆ ಮುಚ್ಚಿಗೆಯ ಮೇಲೆ ಮಣ್ಣು ಹಾಸುತ್ತಿದ್ದರು. ತೊಲೆಗಳ ತುದಿಗೆ ಉಳಿ ಚುಚ್ಚಿ ನೋಡಿ, ಗಟ್ಟಿಯಿವೆ ಎಂದು ಆಚಾರಿಯವರು ಹೇಳಿದ ಮೇಲೆ ಆ ಮಣ್ಣನ್ನು ಹಾಗೆಯೇ ಉಳಿಸಿಕೊಂಡೆ. ಮೇ ತಿಂಗಳ ಮಧ್ಯಾಹ್ನ ಮನೆಯಲ್ಲಿ ತಂಪಾಗಿರುವ ಕೋಣೆ ಅದೊಂದೇ.

ಮನೆಯ ವಯಸ್ಸು ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಹೆಂಚಿನ ಬೆನ್ನಿನ ಮೇಲೆ 1865 ಎಂಬ ಅಚ್ಚು ಕಂಡು ‘ನಮ್ಮ ಮನೆ 1865ರದ್ದು’ ಎಂದು ಹೆಮ್ಮೆಪಡುವವರನ್ನು ನಮ್ಮ ಕಡೆ ಬೇಕಾದಷ್ಟು ಕಂಡಿದ್ದೇನೆ. ಅದು ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷ. ಅನಂತರ ಎಷ್ಟೋ ಕಾಲ ಸುಟ್ಟ ಹೆಂಚುಗಳ ಮೇಲೂ ಅದೇ ಅಂಕಿ ಬೀಳುತ್ತಿತ್ತು. ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೆಸರಿದ್ದರೆ ಅದು ಇನ್ನೂ ಈಚಿನದು. ಮೊದಲ ಮಹಾಯುದ್ಧದ ಬಳಿಕ ಮಿಷನ್ನಿನ ಕಾರ್ಖಾನೆಗಳು ಆ ಸಂಸ್ಥೆಯ ಕೈಗೆ ಹೋದವು. ನಮ್ಮ ಮಾಡಿನಲ್ಲಿ ಎರಡು ಬಗೆಯವೂ ಇದ್ದವು, ಅಂದರೆ ಒಡೆದ ಹಾಗೆ ಬದಲಾಯಿಸುತ್ತ ಬಂದಿದ್ದಾರೆ.

ಹೆಂಚಿಗಿಂತ ನಂಬಿಕೆಯ ಸಾಕ್ಷಿ ಹೊಸಿಲಿನ ಕೆಳಗೆ ಇತ್ತು. ಮುಖ್ಯ ಬಾಗಿಲಿನ ದಾರಂದದ (ಚೌಕಟ್ಟಿನ) ಬುಡವನ್ನು ಗೆದ್ದಲು ತಿಂದಿದ್ದರಿಂದ ಅದನ್ನು ಎತ್ತಲೇಬೇಕಾಯಿತು. ಕೆಳಗಿನ ಗಾರೆಯಲ್ಲಿ ತಾಮ್ರದ ಕಾಲಾಣೆಗಳು. ಬಾಗಿಲು ನಿಲ್ಲಿಸುವಾಗ ಪೂಜೆ ಮಾಡಿ ಇಟ್ಟವು. ವರ್ಷ ಸವೆದುಹೋಗಿತ್ತು, ಆದರೆ ರಾಣಿಯ ತಲೆಯ ಸುತ್ತ ‘ಎಂಪ್ರೆಸ್’ ಎಂಬ ಅಕ್ಷರಗಳು ಓದಲು ಬರುತ್ತಿದ್ದವು. 1862ರಿಂದ ಅಚ್ಚಾದ ನಾಣ್ಯಗಳಲ್ಲಿ ವಿಕ್ಟೋರಿಯಾ ‘ಕ್ವೀನ್’, 1877ರಿಂದ ‘ಎಂಪ್ರೆಸ್’. ಹಾಗಾಗಿ ಆ ಬಾಗಿಲು 1877ಕ್ಕಿಂತ ಹಿಂದಿನದಲ್ಲ ಎಂದು ಧೈರ್ಯವಾಗಿ ಹೇಳಬಹುದು. ಅವನ್ನು ಬೂದಿ, ಹುಣಸೆಹಣ್ಣು ಹಾಕಿ ಉಜ್ಜಿ ಹೊಳೆಯಿಸಲು ಹೊರಟವರನ್ನು ತಡೆದೆ. ಉಜ್ಜಿದರೆ ಉಳಿದ ಅಕ್ಷರವೂ ಹೋಗುತ್ತದೆ. ಇನ್ನೊಂದು ಮಾತು: ಕೇರಳದಲ್ಲಿ ನಿಧಿಯ ಬಗ್ಗೆ 1968ರ ಕಾಯ್ದೆಯೇ ಇದೆ, ಹುದುಗಿಸಿಟ್ಟ ಬೆಲೆಯುಳ್ಳ ವಸ್ತುವನ್ನು ಸಿಕ್ಕಿದವನು ತನ್ನದೆಂದು ಇಟ್ಟುಕೊಳ್ಳುವಂತಿಲ್ಲ. ನಮ್ಮದು ಬರೀ ತಾಮ್ರ; ಆದರೂ ಗ್ರಾಮ ಕಚೇರಿಗೆ ಬರಹದಲ್ಲಿ ತಿಳಿಸಿದ ಮೇಲೆಯೇ ಹೊಸ ಹೊಸಿಲು ಕೂರಿಸಿದ್ದು.

ಅಡುಗೆಕೋಣೆಯ ಹೊಗೆ ಅಟ್ಟದಲ್ಲಿ, ಹಲಸಿನ ಬೀಜದ ಕುಕ್ಕೆಗಳ ಹಿಂದೆ, ಬಟ್ಟೆ ಸುತ್ತಿದ ತಾಳೆಗರಿಯ ಕಟ್ಟು ಇತ್ತು. ಒಲೆಯ ಮೇಲೆ ಯಾಕೆ ಇಟ್ಟರು ಎಂದು ಆಶ್ಚರ್ಯಪಡಬೇಕಾಗಿಲ್ಲ: ಹೊಗೆ ಇದ್ದಲ್ಲಿ ಹುಳು ಬರುವುದಿಲ್ಲ, ನಮ್ಮ ಮಳೆಗಾಲದ ಥಂಡಿಯೂ ತಟ್ಟುವುದಿಲ್ಲ. ಅಕ್ಷರಗಳನ್ನು ನೋಡಿದ ಕೆಲಸದವರು ಮಲಯಾಳವೆಂದರು. ಒಂದೆರಡು ಅಕ್ಷರ ಹೊಂದುತ್ತಿದ್ದವು, ಶಬ್ದ ಮಾತ್ರ ಕೂಡಿಬರಲಿಲ್ಲ. ಅದು ತಿಗಳಾರಿ, ನಮ್ಮಲ್ಲಿ ತುಳು ಲಿಪಿ ಎಂದೂ ಕರೆಯುವ ಬರಹ. ಸಂಸ್ಕೃತ ಬರೆಯಲು ಇಲ್ಲಿನ ಬ್ರಾಹ್ಮಣ ಮನೆಗಳಲ್ಲಿ ಬಳಕೆಯಲ್ಲಿತ್ತು. ನಮ್ಮ ಜಿಲ್ಲೆಯವರೇ ಆದ ವೆಂಕಟರಾಜ ಪುಣಿಂಚತ್ತಾಯರು ಹಳೆಯ ತುಳು ಕಾವ್ಯಗಳನ್ನು ಓದಿ ಸಂಪಾದಿಸಿದ್ದು ಇಂಥ ಗರಿಗಳಿಂದಲೇ. 2024ರಲ್ಲಿ ಈ ಲಿಪಿ ಯೂನಿಕೋಡಿಗೂ ಸೇರಿತು. ಇಷ್ಟು ತಿಳಿದ ಮೇಲೆ ಓಲೆಯನ್ನು ಬಚ್ಚಲ ಒಲೆಗೆ ಹಾಕುವ ಮನಸ್ಸು ಯಾರಿಗಾದರೂ ಬಂದೀತೇ?

ಓಲೆ ಸಿಕ್ಕಿದವರಿಗೆ ನಾನು ಹೇಳುವುದಿಷ್ಟು: ಗಂಟನ್ನು ಎಳೆಯಬೇಡಿ, ಒಣಗಿದ ಗರಿ ತೂತಿನ ಹತ್ತಿರವೇ ಮುರಿಯುತ್ತದೆ. ಒದ್ದೆ ಬಟ್ಟೆ ಬೇಡ, ಬಿಸಿಲು ಬೇಡ, ಪ್ಲಾಸ್ಟಿಕ್ಕಿನ ಹೊದಿಕೆಯಂತೂ ಬೇಡವೇ ಬೇಡ. ಮೆದು ಕುಂಚದಿಂದ ಧೂಳು ತೆಗೆದು, ಇದ್ದ ಕ್ರಮದಲ್ಲಿಯೇ ಎರಡು ಮರದ ಪಟ್ಟಿಗಳ ನಡುವೆ ಇಟ್ಟು, ಹತ್ತಿ ಬಟ್ಟೆ ಸುತ್ತಿ. ಉಳಿದದ್ದನ್ನು ಬಲ್ಲವರಿಗೆ ಬಿಡಿ. ಧರ್ಮಸ್ಥಳದಲ್ಲಿ ತಾಳೆಗರಿಗಳ ದೊಡ್ಡ ಸಂಗ್ರಹವಿದೆ, ಓದಬಲ್ಲವರನ್ನು ಹುಡುಕಲು ಅಲ್ಲಿಂದ ಆರಂಭಿಸಬಹುದು.

ಗೋಡೆಯ ಸಂದಿನಲ್ಲಿದ್ದ ಮುಜಂಟಿ ಜೇನಿನ ಗೂಡನ್ನು ಮುಸ್ಸಂಜೆಯ ಹೊತ್ತಿಗೆ ಮರದ ಪೆಟ್ಟಿಗೆಗೆ ಸೇರಿಸಿ, ಅದೇ ಜಾಗದಲ್ಲಿ ತೂಗಿಸಿದೆವು. ಕುಟುಕದ ಜೇನು, ಕಷ್ಟವಾಗಲಿಲ್ಲ.

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿದ್ದು ಬಚ್ಚಲಿನ ಹಿಂದಿನ, ಪಸೆ ಹಿಡಿದ ಗೋಡೆ. ನೋಡಿದವರೆಲ್ಲ ಸಿಮೆಂಟು ಗಾರೆ ಹಾಕಿಸಿ ಎಂದರು. ಆದರೆ ಆ ಪಸೆಯ ನಡತೆ ಬೇರೆಯೇ ಇತ್ತು. ಮಳೆ ಸುರಿಯುವ ಜುಲೈಯಲ್ಲಿ ಇದ್ದುದಕ್ಕಿಂತ ಮಳೆ ನಿಂತ ಮೇಲೆ, ಅಕ್ಟೋಬರ್ ನವೆಂಬರಿನಲ್ಲಿ, ಅದು ಜಾಸ್ತಿಯಾಗುತ್ತಿತ್ತು. ಮಾಡು ಸೋರಿದರೆ ಹಾಗಾಗದು. ಗುಡ್ಡ ಕುಡಿದ ನೀರು ನಿಧಾನವಾಗಿ ಇಳಿದು ಬರುತ್ತಿದೆ ಎಂದು ಅನುಮಾನ ಬಂತು. ಹಳೆಯ ಗಾರೆ ಕೆತ್ತಿಸಿದೆ. ಉಳಿದ ಗೋಡೆಯ ಮುರಕಲ್ಲುಗಳ ನಡುವೆ ಕೆಸರು ಮಣ್ಣಿದ್ದರೆ, ಒಂದಾಳು ನುಸುಳುವಷ್ಟು ಅಗಲದಲ್ಲಿ ಮಾತ್ರ ಸಿಮೆಂಟಿತ್ತು, ಕಲ್ಲಿನ ಸಾಲುಗಳೂ ಅಲ್ಲಿ ತಪ್ಪಿದ್ದವು. ಬಡಿದರೆ ಪೊಳ್ಳು ಸದ್ದು.

ಸುರಂಗ! ಮನೆಯ ಹಿಂಬದಿ ದರೆಗೆ ತಾಗಿಕೊಂಡಿರುವುದರಿಂದ ನಮ್ಮವರು ಅದರ ಬಾಯಿಯನ್ನು ಬಚ್ಚಲಿಗೇ ತೆರೆದಿದ್ದರು. ಕೊಳವೆಬಾವಿ ಬಂದ ಮೇಲೆ ಯಾರೋ ಮುಚ್ಚಿಸಿದ್ದಾರೆ. ಎಣ್ಮಕಜೆ, ಬಾಯಾರು ಕಡೆ ಸುರಂಗ ಹೊಸದಲ್ಲ. ಮುರಕಲ್ಲಿನ ತೂತುಗಳಲ್ಲಿ ಇಳಿದ ಮಳೆನೀರು ಕೆಳಗಿನ ಶೇಡಿಮಣ್ಣನ್ನು ದಾಟಲಾರದೆ ಅಡ್ಡಕ್ಕೆ ಹರಿಯುತ್ತದೆ. ಗುಡ್ಡದೊಳಕ್ಕೆ ಅಡ್ಡವಾಗಿ, ಬಾಯಿಯ ಕಡೆಗೆ ತುಸು ಇಳಿಜಾರಿಟ್ಟು ಕೊರೆದರೆ ಪಂಪು, ಹಗ್ಗ ಏನೂ ಇಲ್ಲದೆ ಆ ನೀರು ತಾನಾಗಿ ಹೊರಗೆ ಬರುತ್ತದೆ. ಬಾಯಿ ಮುಚ್ಚಿದರೂ ನೀರು ಬರುವುದು ನಿಲ್ಲಲಿಲ್ಲ, ಗೋಡೆಯ ಹಿಂದೆ ನಿಂತುಕೊಂಡಿತು. ಆ ಗೋಡೆಗೆ ಸಿಮೆಂಟು ಬಳಿದಿದ್ದರೆ ನೀರು ಪಕ್ಕದ ಅಡುಗೆಕೋಣೆಯ ಗೋಡೆಗೆ ಏರುತ್ತಿತ್ತು.

ಒಮ್ಮೆಗೇ ಒಡೆಯಬಾರದು; ಹಿಂದೆ ನಿಂತ ನೀರಿನ ಭಾರ ಕಲ್ಲನ್ನೂ ಮನುಷ್ಯನನ್ನೂ ತಳ್ಳಿಕೊಂಡು ಬಂದೀತು. ಸುರಂಗ ತೋಡಿ ಅನುಭವವಿದ್ದ ಹಿರಿಯರೊಬ್ಬರನ್ನು ಕರೆಸಿದೆ. ಅವರು ಬುಡದಲ್ಲಿ ಒಂದು ಸಣ್ಣ ತೂತು ಕೊರೆದು ನೀರು ಖಾಲಿಯಾಗುವವರೆಗೆ ಕಾದರು. ಮೇಲಿನ ಕಲ್ಲು ತೆಗೆದು ಗಾಳಿಯಾಡಲು ಬಿಟ್ಟು, ಮರುದಿನ ಮೇಣದಬತ್ತಿ ಮುಂದೆ ಹಿಡಿದು ಒಳಹೊಕ್ಕರು. ಜ್ವಾಲೆ ಕುಗ್ಗಿದರೆ ತಿರುಗಿ ಬರುವುದೇ ನಿಯಮ. ಒಳಗಿನ ಕೆಸರು ತೆಗೆಸಿ, ಬಾಯಿಗೆ ಬಾವಲಿ ಬಾರದಂತೆ ಜಾಲರಿಯ ಬಾಗಿಲು ಇಡಿಸಿದೆವು. ಗೋಡೆ ಆ ಬೇಸಗೆಯಲ್ಲಿಯೇ ಒಣಗಿತು.

ಕೊನೆಗೆ ಭತ್ತ ತುಂಬುವ ಪತ್ತಾಯದ ಹಿಂದೆ ಬಿದಿರಿನ ಅಂಡೆಯೊಳಗೆ ಒಂದು ಪಾಲುಪಟ್ಟಿ, ಅಂದರೆ ಆಸ್ತಿ ಹಂಚಿಕೆಯ ಪತ್ರ, ಸಿಕ್ಕಿತು. ಕಾಸರಗೋಡು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದ ಛಾಪಾಕಾಗದ, ಬರಹ ಕನ್ನಡದ್ದು. ಅದರಲ್ಲಿ ‘ಬಚ್ಚಲ ಸುರಂಗದ ನೀರು ಮೇಲಿನ ಮನೆಗೂ ಕೆಳಗಿನ ತೋಟಕ್ಕೂ ದಿನಬಿಟ್ಟು ದಿನ’ ಎಂದಿತ್ತು. ಕೆಳಗಿನ ತೋಟ ಕೈ ಬದಲಾಗಿ ಈಗ ಒಬ್ಬ ಹಾಜಿಯವರ ಮನೆತನದ್ದು. ಪತ್ರ ಹಿಡಿದು ಹೋಗಿ ಓದಿ ಹೇಳಿದೆ. “ಮೇಲಿನಿಂದ ಅಡಿಕೆ ಮರ ಸೀಳಿದ ದಂಬೆಯಲ್ಲಿ ನೀರು ಬರುತ್ತಿತ್ತೆಂದು ನಮ್ಮ ಉಪ್ಪ (ತಂದೆ) ಹೇಳುತ್ತಿದ್ದರು ಭಟ್ಟರೇ, ನಾನು ನಂಬಿರಲಿಲ್ಲ” ಎಂದರು ಅವರು.

ದಿನಬಿಟ್ಟು ದಿನದ ಲೆಕ್ಕವನ್ನು ನಾವಿಬ್ಬರೂ ಬಿಟ್ಟೆವು. ಸುರಂಗದ ಬಾಯಲ್ಲಿ ಸಣ್ಣ ತೊಟ್ಟಿ ಕಟ್ಟಿಸಿ, ಒಂದೇ ಎತ್ತರದಲ್ಲಿ ಒಂದೇ ಅಳತೆಯ ಎರಡು ಕೊಳವೆ ಇಡಿಸಿದೆವು. ಏಪ್ರಿಲಿನಲ್ಲಿ ಹರಿವು ಇಳಿದರೂ ಎರಡೂ ಕಡೆ ಸಮನಾಗಿ ಇಳಿಯುತ್ತದೆ. ಒಪ್ಪಂದವನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆಸಿ, ಎರಡು ಮನೆಯವರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಂಡಿದ್ದೇವೆ.